ಬಸ್ ನಿಲ್ದಾಣಗಳಲ್ಲಿ ಚಾರ್ಜಿಂಗ್ ವ್ಯವಸ್ಥೆ ಸರಿಯಿರಲಿ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ಉಡುಪಿಯಿಂದ ಹೆಬ್ರಿ, ಆಗುಂಬೆ ಮಾರ್ಗವಾಗಿ ಶಿವಮೊಗ್ಗಕ್ಕೆ ಮೂರು ದಿನ ಸೈಕಲ್ ತುಳಿದ ನನ್ನನ್ನು ಘಾಟಿಯ ಏರಿಗಿಂತಲೂ ಹೆಚ್ಚು ಕಾಡಿದ್ದು ಮೊಬೈಲ್ ಮತ್ತು ದೀಪಗಳ ಚಾರ್ಜಿನ ಚಿಂತೆ. ಕಾಡಿನ ದಾರಿಯಲ್ಲಿ ಸಿಗ್ನಲ್ ಹುಡುಕಿ ಹುಡುಕಿಯೇ ಫೋನಿನ ಬ್ಯಾಟರಿ ಬರಿದಾಗುತ್ತದೆ. ಮೋಡ ಕವಿದ ಮಲೆನಾಡಿನಲ್ಲಿ ಸೋಲಾರ್ ಫಲಕವನ್ನು ನೆಚ್ಚುವಂತಿಲ್ಲ. ಚಕ್ರದ ನಡುವಿನ ಹಬ್‌ನಲ್ಲಿ ಕೂತು, ಚಕ್ರ ತಿರುಗಿದಂತೆ ವಿದ್ಯುತ್ ಕೊಡುವ ಡೈನಮೊ ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟ್‌ನದು; ಏರಿನ ನಿಧಾನಗತಿಯಲ್ಲಿ ಅಷ್ಟೂ ದಕ್ಕುವುದಿಲ್ಲ. 10,000 ಎಂಎಎಚ್ ಪವರ್ ಬ್ಯಾಂಕ್ ಕೂಡ, ನಡುವಿನ ನಷ್ಟ ಕಳೆದರೆ, 5,000 ಎಂಎಎಚ್ ಫೋನನ್ನು ಎರಡು ಬಾರಿ ಪೂರ್ತಿ ತುಂಬಿಸಲಾರದು. ಹೀಗಾಗಿ ದಿನಕ್ಕೊಮ್ಮೆ ಗೋಡೆಯ ಪ್ಲಗ್ ಸಿಗಲೇಬೇಕು.

ಆದರೆ ದಾರಿಯ ಒಂದು ಬಸ್ ನಿಲ್ದಾಣದಲ್ಲಿದ್ದ ಏಕೈಕ ಸಾಕೆಟ್ ಎಷ್ಟು ಸಡಿಲವಾಗಿತ್ತೆಂದರೆ, ಚಾರ್ಜರನ್ನು ಬೆರಳಿನಿಂದ ಒತ್ತಿ ಹಿಡಿದು ಅರ್ಧ ಗಂಟೆ ನಿಲ್ಲಬೇಕಾಯಿತು. ಕೊನೆಗೆ ಕೈಹಿಡಿದವರು ಪಕ್ಕದ ಹೋಟೆಲಿನವರು. ಗಲ್ಲಾಪೆಟ್ಟಿಗೆಯ ಹಿಂದಿನ ಪ್ಲಗ್ ಬಿಟ್ಟುಕೊಟ್ಟ ಅವರ ಉಪಕಾರವನ್ನು ನಾನು ಮರೆಯಲಾರೆ. ಅಪರಿಚಿತ ದಾರಿಯಲ್ಲಿ ನಕ್ಷೆಯೂ ತುರ್ತು ಕರೆಯೂ ಫೋನಿನಲ್ಲೇ ಇರುವಾಗ ಇದು ಸುರಕ್ಷತೆಯ ಪ್ರಶ್ನೆ. ಆದ್ದರಿಂದ ಬಸ್ ನಿಲ್ದಾಣಗಳಲ್ಲಿಯೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿಯೂ ಮಳೆನೀರು ತಾಗದ ಕಡೆ ನಾಲ್ಕಾರು ಗಟ್ಟಿ ಸಾಕೆಟ್‌ಗಳನ್ನು ಅಳವಡಿಸಿ, ಮಳೆಗಾಲಕ್ಕೆ ಮುನ್ನ ಪರೀಕ್ಷಿಸಬೇಕೆಂದು ಸಂಬಂಧಪಟ್ಟವರನ್ನು ಕೋರುತ್ತೇನೆ.

– ಓರ್ವ ಸೈಕಲ್ ಪ್ರವಾಸಿ, ಉಡುಪಿ