ಸ್ಕ್ಯಾನ್ ವೇಳೆ ಬದಲಾಗುತ್ತಿದೆ: ವಾರ್ಷಿಕ ನಿರ್ವಹಣೆಯ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ದಿನಾ ಮಧ್ಯಾಹ್ನ 1 ಗಂಟೆಗೆ ತಾನಾಗಿ ಶುರುವಾಗುತ್ತಿದ್ದ ಫುಲ್ ಸ್ಕ್ಯಾನ್ (ಎಲ್ಲ ಫೈಲುಗಳಲ್ಲೂ ವೈರಸ್ ಹುಡುಕುವುದು) ಇರುವುದಿಲ್ಲ. ದಿನಕ್ಕೊಂದು ಕ್ವಿಕ್ ಸ್ಕ್ಯಾನ್ (ಮುಖ್ಯ ಜಾಗಗಳಲ್ಲಷ್ಟೇ ಹುಡುಕುವುದು), ತಿಂಗಳಿಗೊಂದು ಫುಲ್ ಸ್ಕ್ಯಾನ್, ಅಷ್ಟೇ. ಎರಡು ಆಂಟಿವೈರಸ್ ಇದ್ದ ಕಡೆ ಒಂದನ್ನು ತೆಗೆಯುತ್ತೇವೆ. ವಾರ್ಷಿಕ ದರ ಮೊದಲಿನದೇ.

‘ಸ್ಕ್ಯಾನ್ ಶುರುವಾದರೆ ಸಿಸ್ಟಮ್ ಅಲ್ಲಾಡುವುದೇ ಇಲ್ಲ’ ಎಂಬ ದೂರು ಬಂದಾಗಲೆಲ್ಲ ಎಲ್ಲರೂ ಆಂಟಿವೈರಸ್ಸನ್ನೇ ಬೈಯುತ್ತಾರೆ. ತಪ್ಪು ಹೆಚ್ಚಾಗಿ ಹಾರ್ಡ್ ಡಿಸ್ಕಿನದು. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕು. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿದು, ಬೇಕಾದ ಭಾಗ ತನ್ನ ಕೆಳಗೆ ಬರುವವರೆಗೆ ಕಾಯಬೇಕು. ಹೀಗಾಗಿ ಅಲ್ಲಲ್ಲಿ ಚದುರಿದ ಚಿಕ್ಕ ಫೈಲುಗಳನ್ನು ಸೆಕೆಂಡಿಗೆ ಸುಮಾರು 60 ಮಾತ್ರ ಮುಟ್ಟಲು ಆಗುತ್ತದೆ. ವಿಂಡೋಸ್, ಬ್ರೌಸರ್, ಮದುವೆ ಫೋಟೊ ಎಲ್ಲ ಸೇರಿ 3 ಲಕ್ಷ ಫೈಲು ಇದ್ದರೆ ಬರೀ ಈ ಓಡಾಟಕ್ಕೇ 83 ನಿಮಿಷ. ಎಸ್‌ಎಸ್‌ಡಿಯಲ್ಲಿ (ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕ್) ತಿರುಗುವ ಭಾಗವೇ ಇಲ್ಲ. ಅದೇ ಓಡಾಟ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಸ್ಕ್ಯಾನ್ ನಡೆಯುವ ಹೊತ್ತಿನಲ್ಲಿ ನೀವು ಟ್ಯಾಲಿಯನ್ನೋ ನುಡಿಯನ್ನೋ ತೆರೆದರೆ ಅದೂ ಅದೇ ಮುಳ್ಳಿಗಾಗಿ ಸರದಿಯಲ್ಲಿ ನಿಲ್ಲಬೇಕು.

ನೀವೇ ನೋಡಬಹುದು. ಸ್ಕ್ಯಾನ್ ನಡೆಯುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಡಿಸ್ಕ್ ಶೇ 100, ಸಿಪಿಯು ಶೇ 10–20 ಇದ್ದರೆ ಡಿಸ್ಕೇ ಅಡ್ಡಿ. ಸಿಪಿಯು ಏರಿ ಡಿಸ್ಕ್ ಸುಮ್ಮನಿದ್ದರೆ ಯಾವುದೋ ದೊಡ್ಡ ಜಿಪ್ ಅಥವಾ ಐಎಸ್‌ಒ ಫೈಲನ್ನು (ಹಲವು ಫೈಲುಗಳ ಗಂಟು) ಆಂಟಿವೈರಸ್ ಬಿಚ್ಚಿ ನೋಡುತ್ತಿದೆ ಎಂದಿಟ್ಟುಕೊಳ್ಳಿ. ಮೆಮೊರಿ 4 ಜಿಬಿ ಮಾತ್ರ ಇದ್ದು ಅದು ತುಂಬಿದ್ದರೆ, ವಿಂಡೋಸ್ ಮಿಕ್ಕಿದ್ದನ್ನು ಡಿಸ್ಕಿಗೇ ಬರೆಯುತ್ತದೆ. ಮೊದಲೇ ಸುಸ್ತಾದ ಡಿಸ್ಕಿಗೆ ಇನ್ನೊಂದು ಹೊರೆ.

ಎರಡು ಆಂಟಿವೈರಸ್ ಇದ್ದರೆ ಕಾವಲು ಹೆಚ್ಚಾಗುವುದಿಲ್ಲ. ಒಂದು ತೆರೆದ ಫೈಲನ್ನು ಇನ್ನೊಂದು ತಡೆದು ಮತ್ತೆ ಪರೀಕ್ಷಿಸುತ್ತದೆ. ವಿಂಡೋಸಿನದೇ ಡಿಫೆಂಡರ್, ಬೇರೆ ಆಂಟಿವೈರಸ್ ಬಂದರೆ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ. ತೊಂದರೆ ಬರುವುದು ಹೊರಗಿನ ಎರಡನ್ನು ಹಾಕಿಸಿಕೊಂಡಾಗ.

ತಿಂಗಳಿಗೊಂದೇ ಫುಲ್ ಸ್ಕ್ಯಾನ್ ಸಾಕೇ? ಮನೆ ಬಳಕೆಗೆ ಸಾಕು. ಡೌನ್‌ಲೋಡ್ ಮಾಡಿದ, ತೆರೆದ ಫೈಲುಗಳನ್ನು ಆಂಟಿವೈರಸ್ಸಿನ ಸದಾ ಕಾಯುವ ರಿಯಲ್-ಟೈಮ್ ರಕ್ಷಣೆ ಆಗಲೇ ನೋಡುತ್ತದೆ. ಮೆಮೊರಿ, ಸ್ಟಾರ್ಟಪ್ ಪ್ರೋಗ್ರಾಂಗಳಂಥ ವೈರಸ್ ಮನೆಮಾಡುವ ಜಾಗಗಳನ್ನು ಕ್ವಿಕ್ ಸ್ಕ್ಯಾನ್ ತಡಕುತ್ತದೆ. ಆದರೆ ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವನ್ನು ಮಾತ್ರ ನಂಬಬೇಡಿ. ಚುಚ್ಚಿದ ಕೂಡಲೇ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡಿ, ಆಮೇಲೆ ತೆರೆಯಿರಿ. ವೇಗಕ್ಕಾಗಿ ಡೌನ್‌ಲೋಡ್ಸ್ ಫೋಲ್ಡರನ್ನು ಸ್ಕ್ಯಾನಿನಿಂದ ಹೊರಗಿಡುವ ಸಲಹೆ ಯಾರೇ ಕೊಟ್ಟರೂ ಒಪ್ಪಬೇಡಿ.

ಸ್ಕ್ಯಾನ್ ಪ್ರತಿ ಸಲ ಒಂದೇ ಫೈಲಿನ ಹತ್ತಿರ ನಿಂತು ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ಅದು ವೈರಸ್ ಅಲ್ಲ, ಬ್ಯಾಡ್ ಸೆಕ್ಟರ್ (ಡಿಸ್ಕಿನಲ್ಲಿ ಕೆಟ್ಟುಹೋದ ಜಾಗ) ಇರಬಹುದು. ಸ್ಕ್ಯಾನ್ ನಿಲ್ಲಿಸಿ, ಮೊದಲು ಫೋಟೊ, ಲೆಕ್ಕಪತ್ರಗಳನ್ನು ಬೇರೆ ಡ್ರೈವಿಗೆ ನಕಲು ಮಾಡಿ, ಆಮೇಲೆ ನಮಗೆ ಫೋನ್ ಮಾಡಿ.

ಇನ್ನು ಮುಂದೆ ನಿಧಾನದ ದೂರಿಗೆ ಬಂದ ನಮ್ಮ ಹುಡುಗರು ಹೊಸ ಆಂಟಿವೈರಸ್ ಮಾರುವ ಮೊದಲು ಡಿಸ್ಕಿನ ಆರೋಗ್ಯ, ಮೆಮೊರಿ, ಫ್ಯಾನಿನ ಧೂಳು ಈ ಮೂರನ್ನು ನೋಡಿ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಚೀಟಿ ಕೇಳಿ ಪಡೆಯಿರಿ.

ಫುಲ್ ಸ್ಕ್ಯಾನ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ 6ಕ್ಕೆ ಶುರುವಾಗುತ್ತದೆ. ಶನಿವಾರ ರಾತ್ರಿ ಶಟ್‌ಡೌನ್ ಮಾಡದೆ, ಸ್ಲೀಪ್‌ಗೂ ಹೋಗದ ಹಾಗೆ ಬಿಡಿ; ಲ್ಯಾಪ್‌ಟಾಪಾದರೆ ಚಾರ್ಜರ್ ಹಾಕಿರಲಿ. ನಡುವೆ ಕರೆಂಟ್ ಹೋಗಿ ನಿಂತುಬಿಟ್ಟರೆ ತಿಳಿಸಿ, ಬೇರೆ ದಿನಕ್ಕೆ ಹಾಕಿಕೊಡುತ್ತೇವೆ.

ಇಂತಿ,
ಸರ್ವಿಸ್ ವಿಭಾಗ
ಸರಸ್ವತಿಪುರಂ, ಮೈಸೂರು