ಅಪ್ಪ ಇನ್ನು ಒಂದು ರೂಪಾಯಿಯೂ ಕಳಿಸುವುದು ಬೇಡ

ಬರ್ಲಿನ್
ಭಾನುವಾರ ರಾತ್ರಿ

ಅಮ್ಮಾ,

ನಾನಿಲ್ಲಿ ಚೆನ್ನಾಗಿದ್ದೇನೆ. ಪುಟ್ಟನಿಗೆ ಹಳೇ ಸ್ಕೂಟರ್ ಕೊಳ್ಳೋಣ ಅಂತ ಅಪ್ಪ ಮುಖ ನೋಡದ ಒಬ್ಬನಿಗೆ ದುಡ್ಡು ಕಳಿಸಿದ್ದಾರೆ ಅಂತ ನಿನ್ನ ಮೇಲ್‌ನಲ್ಲಿ ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ಅಪ್ಪ "ನನಗೆಲ್ಲ ಗೊತ್ತು, ಇಡಮ್ಮ" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟನ ಕೈಲಿ ಪ್ರಿಂಟ್ ತೆಗೆಸಿ ಅಪ್ಪನಿಗೆ ಕೊಡು. ಕಾಫಿ ಆದಮೇಲೆ ಕೊಡು.

ಆ ಸ್ಕೂಟರಿಗೆ ಇನ್ನು ಒಂದು ರೂಪಾಯಿಯೂ ಹೋಗಬಾರದು. ಅದನ್ನು ಮಾರುತ್ತೇನೆ ಅನ್ನುವವನು ಯಲಹಂಕ ಏರ್‌ಫೋರ್ಸ್ ಸ್ಟೇಷನ್‌ನವನೂ ಅಲ್ಲ, ಸೈನ್ಯದವನೂ ಅಲ್ಲ. "ಟ್ರಾನ್ಸ್‌ಫರ್ ಆಗಿದೆ, ಅರ್ಜೆಂಟ್ ಮಾರಬೇಕು, ಗೇಟ್ ಪಾಸಿಗೆ ದುಡ್ಡು ಹಾಕಿ, ಗಾಡಿ ಮನೆ ಬಾಗಿಲಿಗೆ ಬರುತ್ತೆ." ಈ ಮೋಸದವರು ಎಲ್ಲರಿಗೂ ಹೇಳುವುದು ಇದನ್ನೇ. ಯೂನಿಫಾರ್ಮಿನ ಫೋಟೋ, ಐಡಿ ಕಾರ್ಡು ಎಲ್ಲ ಇನ್ಯಾರದ್ದೋ. ಸೈನ್ಯದ ಹೆಸರು ಹೇಳಿದರೆ ಅಪ್ಪನಂಥವರು ಎರಡನೇ ಮಾತು ಆಡುವುದಿಲ್ಲ ಅಂತ ಅವರಿಗೆ ಗೊತ್ತು. ಅದು ನನಗೆ ತುಂಬಾ ಸಿಟ್ಟು ತರಿಸಿದೆ.

ನೀನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ನಂಬರ್ ಪ್ಲೇಟಿಗೆ ಬಟ್ಟೆ ಹೊದಿಸಿದ್ದಾರೆ. ಗಾಡಿಯ ಹಿಂದೆ ಒಂದು ಔಷಧಿ ಅಂಗಡಿ ಇದೆ, ಬೋರ್ಡೆಲ್ಲ ಮಲಯಾಳಂನಲ್ಲಿದೆ. ಯಲಹಂಕದಲ್ಲಿ ನಿಂತಿರುವ ಗಾಡಿ ಅಂತ ಹೇಳಿದ್ದು, ಅಲ್ವಾ?

ಗೇಟ್ ಪಾಸಿಗೆ 2,150 ಹೋಯಿತು. ಈಗ ಸಾಗಾಣಿಕೆಗೆ 6,500, "ಆಮೇಲೆ ವಾಪಸ್" ಅಂತಿದ್ದಾನೆ. ಇದನ್ನು ಹಾಕಿದರೆ ಇನ್ನೊಂದು ಹುಟ್ಟುತ್ತೆ. ಹೋದದ್ದು ಸಿಗಲಿ ಅಂತ ಮತ್ತೆ ಹಾಕುತ್ತಾ ಹೋಗುತ್ತೇವೆ, ಅವರು ಬದುಕುವುದೇ ಅದರ ಮೇಲೆ. ನಾಳೆ "ದುಡ್ಡು ವಾಪಸ್ ಹಾಕ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನಬಹುದು. ಪಿನ್ ಬೇಕಾಗುವುದು ನಮ್ಮ ದುಡ್ಡು ಹೊರಗೆ ಹೋಗುವುದಕ್ಕೆ. ಬರುವ ದುಡ್ಡಿಗೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ.

ಈ ಪತ್ರ ಓದಿದ ತಕ್ಷಣ 1930ಕ್ಕೆ ಫೋನ್ ಮಾಡಿಸು. ಸೈಬರ್ ವಂಚನೆಗೇ ಇರುವ ನಂಬರು ಅದು. ಬೇಗ ಹೇಳಿದಷ್ಟೂ ಅವನು ದುಡ್ಡು ತೆಗೆಯುವ ಮುಂಚೆ ಖಾತೆಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಚಾಟ್ ಅಳಿಸಬೇಡಿ. ದುಡ್ಡು ಹೋದ ಮೆಸೇಜಿನಲ್ಲಿರುವ ಯುಟಿಆರ್ ನಂಬರ್, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ, ಕೇಳುತ್ತಾರೆ.

ಅಪ್ಪನಿಗೆ ನಾಚಿಕೆ ಆಗಿರಬೇಕು, ಅದಕ್ಕೇ ಊಟ ಬಿಟ್ಟಿದ್ದಾರೆ. ನನಗೂ ಹೀಗೇ ಆಗುವುದರಲ್ಲಿತ್ತು. ಇಲ್ಲಿಯ ಒಂದು ಹರಾಜು ಸೈಟಿನಲ್ಲಿ ಫಾಫ್ ಕಂಪನಿಯ ಒಂದು ಹಳೇ ಹೊಲಿಗೆ ಮಷಿನ್‌ಗೆ 90 ಯೂರೋವರೆಗೆ ಕೂಗಿದ್ದೆ, ಸಿಗಲಿಲ್ಲ. ಎರಡು ದಿನ ಬಿಟ್ಟು ಮೇಲ್ ಬಂತು. ಗೆದ್ದವರು ಬೇಡ ಅಂದರು, ಮಷಿನ್ ನಿಮಗೇ, ಈ ಖಾತೆಗೆ ದುಡ್ಡು ಹಾಕಿ ಅಂತ. ಖುಷಿಯಲ್ಲಿ ಬ್ಯಾಂಕ್ ಆಪ್ ತೆಗೆದೂ ಆಗಿತ್ತು. ಆಮೇಲೆ ನೋಡಿದರೆ ಸೈಟಿನ ಒಳಗೆ ಅಂಥ ಮೆಸೇಜೇ ಇಲ್ಲ, ಖಾತೆ ಬೇರೆ ದೇಶದ್ದು. ಸೈಟಿನ ಹೊರಗೆ ದುಡ್ಡು ಹೋದರೆ ಸೈಟಿನವರ ರಕ್ಷಣೆ ಸಿಗುವುದಿಲ್ಲ. ಕೊನೆಗೆ ಒಬ್ಬ ಅಜ್ಜಿಯ ಮನೆಗೇ ಹೋಗಿ 70 ಯೂರೋಗೆ ತಂದೆ. ಅವರು ಚಿಂದಿ ಬಟ್ಟೆಯ ಮೇಲೆ ಒಂದು ಸಾಲು ಹೊಲಿದು, ದಾರ ಕತ್ತರಿಸಿ ತೋರಿಸಿ, ಆಮೇಲೆ ದುಡ್ಡು ತೆಗೆದುಕೊಂಡರು.

ಇಲ್ಲಿ ಹಳೇದು ಕೊಳ್ಳುವುದಕ್ಕೆ ಯಾರೂ ಸಂಕೋಚಪಡುವುದಿಲ್ಲ ಅಮ್ಮ. ಒಳ್ಳೇ ಕುರ್ಚಿ, ಪುಸ್ತಕಗಳನ್ನು ಮನೆ ಮುಂದೆ ಇಟ್ಟು "ಉಚಿತ" ಅಂತ ಚೀಟಿ ಅಂಟಿಸುತ್ತಾರೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿದರೂ ಮೌಅರ್‌ಪಾರ್ಕಿನಲ್ಲಿ ಹಳೇ ಸಾಮಾನಿನ ಸಂತೆ ಜೋರು. ಅಲ್ಲಿ ಹೋದಾಗಲೆಲ್ಲ ಚಿಕ್ಕಪೇಟೆಯ ಸಂಡೇ ಬಜಾರ್ ನೆನಪಾಗುತ್ತೆ. ಅಪ್ಪ ಮಿಕ್ಸಿಯನ್ನು ಪಕ್ಕದ ಅಂಗಡಿಯ ಪ್ಲಗ್ಗಿಗೆ ಹಾಕಿಸಿ, ತಿರುಗಿಸಿ, ಮೂಸಿ ನೋಡಿದ ಮೇಲೇ ಜೇಬಿಗೆ ಕೈ ಹಾಕುತ್ತಿದ್ದರು. ಆ ಅಪ್ಪನೇ ಈ ಸಲವೂ ಇರಲಿ.

ಪುಟ್ಟನಿಗೆ ಸ್ಕೂಟರ್ ಬೇಕೇ ಬೇಕು, ಸರಿ. ಹತ್ತಿರದಲ್ಲೇ ಮಾರುವವರ ಗಾಡಿ ನೋಡಿ. ನಮ್ಮ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ. ಆರ್‌ಸಿ, ಇನ್ಶೂರೆನ್ಸ್, ಬಾಕಿ ದಂಡ ನೋಡಿ. ಚಾಸಿ ನಂಬರನ್ನು ಆರ್‌ಸಿಯ ಜೊತೆ ತಾಳೆ ಮಾಡಿ. ಗಾಡಿ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ಕೇಳಿ. ಗಾಡಿ ಹೆಸರು ಬದಲಿಸುವ ಫಾರಂ 29, 30ಕ್ಕೆ ಮಾಲೀಕರ ಸಹಿ ಆಗಲಿ. ದುಡ್ಡು ಕೊನೆಗೆ.

2,150ರ ಯೋಚನೆ ಬೇಡ, ನಾನು ಹಾಕುತ್ತೇನೆ. ಅಪ್ಪನ ಬಿಪಿ ಮಾತ್ರೆ ತಪ್ಪಬಾರದು. ನಾನು ಚೆನ್ನಾಗಿದ್ದೇನೆ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ, ದಿನಾ ಅನ್ನ ಸಾರು ಮಾಡುತ್ತೇನೆ, ನಿಜವಾಗಲೂ. ಬೆಳಿಗ್ಗೆ ಬೇಗ ಟ್ರೈನ್ ಹಿಡಿಯಬೇಕು. 1930 ಮರೆಯಬೇಡ. ಫೋನ್ ಮಾಡಿದ ಮೇಲೆ ನನಗೊಂದು ಮೆಸೇಜ್ ಹಾಕು.

ನಿನ್ನ
ಸುಮಾ