ಡಿವಿಡಿ ಬೀಗಕ್ಕೆ ದುಡ್ಡು ಸುರಿಯುವ ಮುನ್ನ

ಮಾನ್ಯ ಸಂಪಾದಕರೇ,

ಯಕ್ಷಗಾನ, ನಾಟಕಗಳ ಡಿವಿಡಿ ಮಾಡಿಸುವ ಮಲೆನಾಡಿನ ತಂಡಗಳು ‘ನಕಲಾಗದ ಡಿಸ್ಕ್’ ಎಂಬ ಮಾತಿಗೆ ಹೆಚ್ಚು ಹಣ ತೆರುವ ಮುನ್ನ ಕೆಲವು ಸಂಗತಿ ತಿಳಿದಿರಲಿ. ಸಿನಿಮಾ ಡಿವಿಡಿಗಳ ನಕಲು ತಡೆಯಲು ಹಾಕುವ ಸಿಎಸ್‌ಎಸ್ ಎಂಬ ಗೂಢಲಿಪಿ ಬೀಗದ ಕೀಲಿ ಬರೀ 40 ಬಿಟ್‌ನದು. 1999ರಲ್ಲೇ ಅದನ್ನು ಬಿಡಿಸುವ ತಂತ್ರಾಂಶ ಹರಿದಾಡಿತು. ಆ ಬೀಗವೂ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿಸ್ಕ್‌ಗೆ ಮಾತ್ರ. ಕಂಪ್ಯೂಟರಿನಲ್ಲಿ ಬರೆಯುವ ಸಾಮಾನ್ಯ ಡಿವಿಡಿ-ಆರ್‌ನಲ್ಲಿ ಕೀಲಿ ಕೂರಬೇಕಾದ ಒಳಸುತ್ತಿನ ಜಾಗವನ್ನು ಬರೆಯಲಾಗದಂತೆಯೇ ತಯಾರಿಸಿರುತ್ತಾರೆ.

ಹಾಗಾದರೆ ಮಾರುವುದೇನನ್ನು? ಬಹುಪಾಲು, ಬೇಕೆಂದೇ ಸೇರಿಸಿದ ಕೆಟ್ಟ ಸೆಕ್ಟರ್‌ಗಳನ್ನು, ಅಂದರೆ ಡಿಸ್ಕ್‌ನ ಓದಲಾಗದ ತುಣುಕುಗಳನ್ನು. ಫೈಲುಗಳನ್ನು ಎಳೆದು ಕಾಪಿ ಮಾಡುವವರಿಗೆ ‘ರೀಡ್ ಎರರ್’ ಬರುತ್ತದೆ, ನಿಜ. ಆದರೆ ಪ್ಲೇಯರ್ ಓಡಿಸುವ ಭಾಗವನ್ನಷ್ಟೇ ಓದುವ ತಂತ್ರಾಂಶ ಅವುಗಳನ್ನು ದಾಟಿ ಹೋಗುತ್ತದೆ. ಏಟು ಬೀಳುವುದು ಕಾಸು ಕೊಟ್ಟು ಕೊಂಡವರಿಗೆ: ಹಳೆಯ ಪ್ಲೇಯರ್‌ಗಳಲ್ಲಿ ಚಿತ್ರ ನಡುವೆಯೇ ನಿಂತುಬಿಡಬಹುದು. ಮ್ಯಾಕ್ರೊವಿಷನ್ ಎಂಬ ಇನ್ನೊಂದು ನಕಲು-ತಡೆ ಕಾಡಿದ್ದು ವಿಎಚ್‌ಎಸ್ ಟೇಪ್ ರೆಕಾರ್ಡರ್‌ಗಳನ್ನು; ಡಿಸ್ಕನ್ನು ನೇರ ಓದುವ ಕಂಪ್ಯೂಟರಿಗೆ ಅದು ಲೆಕ್ಕಕ್ಕಿಲ್ಲ.

ಪಕ್ಕದ ಮನೆಯವರ ಕಾಪಿಯನ್ನು ಬೀಗ ತಡೆದೀತು, ವ್ಯಾಪಾರಕ್ಕೆಂದೇ ನಕಲು ಹೊಡೆಯುವವನನ್ನಲ್ಲ. ಅದರ ಬದಲು 8.5 ಜಿಬಿಯ ಎರಡು ಪದರದ ಡಿಸ್ಕ್‌ನಲ್ಲಿ ಕೊಡಿ. 4.7 ಜಿಬಿಯ ಅಗ್ಗದ ಖಾಲಿ ಡಿಸ್ಕ್‌ಗೆ ಇಳಿಸಲು ವಿಡಿಯೊ ಕುಗ್ಗಿಸಲೇಬೇಕು. ಓಡುವ ದೃಶ್ಯಗಳಲ್ಲಿ ಚೌಕಗಳು ಎದ್ದು ನಕಲು ಪತ್ತೆಯಾಗುತ್ತದೆ. ಚಿತ್ರದ ಮೂಲೆಯಲ್ಲಿ ತಂಡದ ಹೆಸರನ್ನು ತೆಳುವಾಗಿ ಅಚ್ಚೊತ್ತಿಸಿ. ದರ ಇಳಿಸಿ. ಬೀಗ ಹಾಕಿದ್ದೇ ಆದರೆ ಕಾನೂನಿನ ಆಸರೆಯೂ ಉಂಟು: 2012ರ ತಿದ್ದುಪಡಿಯಲ್ಲಿ ಬಂದ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮಿನಂತೆ, ಹಕ್ಕು ಉಲ್ಲಂಘಿಸಲೆಂದೇ ಬೀಗ ಮುರಿದವರಿಗೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡವೂ ಇದೆ.

– ಇಬ್ಬರು ವಿಡಿಯೊ ಸಂಕಲನಕಾರರು, ಶಿವಮೊಗ್ಗ